ಕಿಲ್ವಾದ ಹವಳದ ಗೋಡೆಗಳು

ಟಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದವರು ಸಾಮಾನ್ಯವಾಗಿ ಜಾಂಜಿಬಾರ್‌ಗೆ ಹಡಗು ಹತ್ತುತ್ತಾರೆ, ಇಲ್ಲವೇ ಸಿಂಹ ನೋಡಲು ಸೆರೆಂಗೆಟಿ ಕಡೆ ಹೊರಡುತ್ತಾರೆ. ದಕ್ಷಿಣಕ್ಕೆ, ಹಳೆಯ ಬಂದರು ಪಟ್ಟಣ ಕಿಲ್ವಾದ ಕಡೆ, ಬಸ್ಸು ಹಿಡಿಯುವ ಪ್ರವಾಸಿಗಳು ಕಡಿಮೆ. ಅಲ್ಲೇ ಕೆಲಸದಲ್ಲಿರುವ ಕುಮಟಾದ ಗೆಳೆಯನೂ ಅದನ್ನೇ ಹೇಳಿದ. "ಕಿಲ್ವಾದಲ್ಲಿ ಏನಿದೆ ಮಾರಾಯ? ಬರೀ ಮುರಿದ ಗೋಡೆ." ಹಾಗಂದವನೇ ರಜೆ ಹಾಕಿ ಜೊತೆಗೆ ಬಂದ.

ನನಗೆ ಆ ಮುರಿದ ಗೋಡೆಗಳೇ ಬೇಕಿತ್ತು. ನಾನು ಹೊನ್ನಾವರದ ಕಡೆಯವನು. ನಮ್ಮೂರಿನ ಚರಿತ್ರೆ ಓದುವಾಗ ಸಿಗುವ ಇಬ್ಬರು ಕಿಲ್ವಾದ ಚರಿತ್ರೆಯಲ್ಲೂ ಸಿಗುತ್ತಾರೆ. ಒಬ್ಬ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ. 1331ರಲ್ಲಿ ಕಿಲ್ವಾ ನೋಡಿದ ಆತ, ಹತ್ತು ವರ್ಷದ ಮೇಲೆ ಹೊನ್ನಾವರಕ್ಕೂ ಬಂದ. ಅಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇವೆ ಅಂತ ಬರೆದಿಟ್ಟ. ಇನ್ನೊಬ್ಬ ಪೋರ್ಚುಗೀಸ್ ದಂಡನಾಯಕ ಫ್ರಾನ್ಸಿಸ್ಕೊ ದೆ ಅಲ್ಮೇಡಾ. ಅವನು ಎರಡೂ ಊರಿಗೆ ಬಂದದ್ದು ಒಂದೇ ವರ್ಷ, ಒಂದೇ ಹಡಗುಪಡೆಯ ಜೊತೆ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಬಸ್ಸು ನಸುಕಿನಲ್ಲೇ ಹೊರಟಿತು. ಹೆಚ್ಚುಕಮ್ಮಿ 300 ಕಿಲೋಮೀಟರ್ ದಾರಿ. ಅಗಲವಾದ ರೂಫಿಜಿ ನದಿಗೆ ಈಗ ಒಳ್ಳೆಯ ಸೇತುವೆ ಇದೆ. ನದಿ ದಾಟಿದ ಮೇಲೆ ರಸ್ತೆ ಪಕ್ಕ ಇದ್ದಿಲಿನ ಮೂಟೆಗಳು, ದಪ್ಪ ಹೊಟ್ಟೆಯ ಬಾವೊಬಾಬ್ ಮರಗಳು, ಮತ್ತೆ ಸಾಲು ಸಾಲು ಗೇರು ಮರ. ಗೇರನ್ನು ಬ್ರೆಜಿಲ್‌ನಿಂದ ನಮ್ಮ ಕರಾವಳಿಗೂ ಆ ಕರಾವಳಿಗೂ ತಂದವರು ಪೋರ್ಚುಗೀಸರೇ. ಗೆಳೆಯ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋದ.

ಕಿಲ್ವಾ ಅಂದರೆ ಒಂದೇ ಊರಲ್ಲ. ನಾವು ಇಳಿದದ್ದು ಮಸೋಕೊದಲ್ಲಿ. ಮಾರುಕಟ್ಟೆ, ಸರ್ಕಾರಿ ಕಚೇರಿ, ವಸತಿಗೃಹ ಎಲ್ಲ ಇರುವುದು ಇಲ್ಲೇ. ಉತ್ತರಕ್ಕೆ ಕಿವಿಂಜೆ ಇದೆ. ಅದು 19ನೇ ಶತಮಾನದಲ್ಲಿ ಗುಲಾಮರನ್ನು ಹಡಗಿಗೆ ಹತ್ತಿಸುತ್ತಿದ್ದ ಬಂದರು. ಹಳೆಯ ಕಿಲ್ವಾ ಇರುವುದು ಎದುರಿನ ದ್ವೀಪದ ಮೇಲೆ, ಅದೇ ಕಿಸಿವಾನಿ. ಹೋಗಬೇಕಾದರೆ ಮಸೋಕೊದ ಕಚೇರಿಯಲ್ಲಿ ದುಡ್ಡು ಕಟ್ಟಿ ಅನುಮತಿ ಚೀಟಿ ತಗೊಳ್ಳಬೇಕು, ಗೈಡ್ ಜೊತೆಗೇ ಹೋಗಬೇಕು. ನಮಗೆ ಸಿಕ್ಕವರು ವಯಸ್ಸಾದವರು. ಗೆಳೆಯ ಅವರಿಗೆ "ಶಿಕಮೂ ಮ್ಜೇ" ಅಂದ. "ಮರಹಬಾ" ಅಂದ ಅವರ ಮುಖ ಅರಳಿತು. ಮ್ಜೇ ಅಂದರೆ ಹಿರಿಯರು; ಅಲ್ಲಿ ಹಿರಿಯರಿಗೆ ಹೀಗೆ ನಮಸ್ಕಾರ ಹೇಳದೆ ಮಾತು ಶುರು ಮಾಡುವಂತಿಲ್ಲ.

ದೋಣಿ ದಾಟಲು ಜಾಸ್ತಿ ಹೊತ್ತು ಬೇಡ. ನೀರು ತಿಳಿ, ಆಳ, ಅಲೆ ಕಡಿಮೆ. ಬಂದರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಕಿಲ್ವಾ ದೊಡ್ಡದಾಗಿದ್ದು ಬರೀ ಬಂದರು ಚೆನ್ನಾಗಿತ್ತು ಅಂತಲ್ಲ, ಗಾಳಿಯ ಲೆಕ್ಕದಿಂದ. ನವೆಂಬರ್ ನಂತರ ಬೀಸುವ ಈಶಾನ್ಯ ಗಾಳಿಗೆ ಅಲ್ಲಿಯವರು ಕಸ್ಕಾಜಿ ಅನ್ನುತ್ತಾರೆ. ಅದನ್ನು ಹಿಡಿದು ಅರಬ್ ಕಡೆಯಿಂದ, ಗುಜರಾತಿನಿಂದ ಹಡಗುಗಳು ಬರುತ್ತಿದ್ದವು. ಏಪ್ರಿಲ್ ಹೊತ್ತಿಗೆ ಗಾಳಿ ತಿರುಗಿ ಕುಸಿ ಬೀಸಲು ಶುರುವಾದರೆ ವಾಪಸ್ಸು. ಒಂದೇ ವರ್ಷದೊಳಗೆ ಹೋಗಿ ಬರುವ ಹಡಗಿಗೆ ಕಿಲ್ವಾ ಹೆಚ್ಚುಕಮ್ಮಿ ಕೊನೆಯ ಬಂದರು. ಅದಕ್ಕೂ ದಕ್ಷಿಣಕ್ಕೆ, ಈಗಿನ ಮೊಜಾಂಬಿಕ್‌ನಲ್ಲಿ ಸೋಫಾಲ ಇತ್ತು. ಜಿಂಬಾಬ್ವೆ ಪ್ರಸ್ಥಭೂಮಿಯ ಚಿನ್ನ ಕಡಲಿಗೆ ಇಳಿಯುತ್ತಿದ್ದದ್ದು ಅಲ್ಲಿ. ಸೋಫಾಲದ ತನಕ ಹೋದರೆ ಗಾಳಿ ತಪ್ಪುತ್ತದೆ. ಹಾಗಾಗಿ ಕಿಲ್ವಾದವರು ತಾವೇ ಹೋಗಿ ಚಿನ್ನ, ದಂತ ತಂದು ಇಟ್ಟುಕೊಂಡು, ಬಂದವರಿಗೆ ಮಾರಿದರು. ಬದಲಿಗೆ ಬಟ್ಟೆ, ಮಣಿ, ಚೀನಾದ ಪಿಂಗಾಣಿ. ಮಧ್ಯವರ್ತಿಗಳ ಊರು ಅಂದರೆ ಇದೇ.

ದೋಣಿ ನಿಲ್ಲುವುದು ಗೆರೆಜಾ ಕೋಟೆಯ ಬುಡದಲ್ಲಿ. ಫೋಟೊಗಳಲ್ಲಿ ಎಲ್ಲರೂ ತೋರಿಸುವುದು ಇದನ್ನೇ. ಸುಮ್ನೆ ಒಂದು ಸುತ್ತು ಹಾಕಿ ಮುಂದೆ ಹೋದೆವು. ಪೋರ್ಚುಗೀಸರು 1505ರಲ್ಲಿ ಕಟ್ಟಿದ ಕೋಟೆಯ ಜಾಗದಲ್ಲಿ 1800ರ ಆಸುಪಾಸು ಒಮಾನಿಗಳು ಕಟ್ಟಿದ್ದು. ದ್ವೀಪದಲ್ಲಿ ನೋಡಲು ಇದಕ್ಕಿಂತ ಹಳೆಯದು, ಚೆಂದದ್ದು ಬೇಕಾದಷ್ಟಿದೆ.

ದೊಡ್ಡ ಮಸೀದಿಯಲ್ಲಿ ನನಗೆ ಕಾಲು ಕೀಳಲು ಮನಸ್ಸಾಗಲಿಲ್ಲ. ಉತ್ತರದ ಭಾಗ ಹಳೆಯದು, 11ನೇ ಶತಮಾನದಷ್ಟು. ಒಂಬತ್ತು ಕಂಬದ ಚಿಕ್ಕ ಕೋಣೆ, ಈಗ ಮೇಲೆ ಚಾವಣಿ ಇಲ್ಲ. ಅದಕ್ಕೆ ಅಂಟಿಕೊಂಡು ದಕ್ಷಿಣಕ್ಕೆ ಆಮೇಲೆ ಬೆಳೆಸಿದ ದೊಡ್ಡ ಭಾಗ. 14ನೇ ಶತಮಾನದಲ್ಲಿ ಸುಲ್ತಾನ್ ಅಲ್-ಹಸನ್ ಬಿನ್ ಸುಲೈಮಾನ್ ಶುರು ಮಾಡಿಸಿದ್ದು, ಬಿದ್ದ ಮೇಲೆ 15ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಕಮಾನಿನ ಹಿಂದೆ ಕಮಾನು, ಅವುಗಳ ಮೇಲೆ ಗುಮ್ಮಟಗಳು, ಎಂಟು ಮೂಲೆಯ ಕಂಬಗಳು. ಬೆಳಕು ಓರೆಯಾಗಿ ಬೀಳುತ್ತದೆ. ಗೆಳೆಯ ಇಲ್ಲಿ ಮೊದಲ ಸಲ ಫೋನ್ ಹೊರಗೆ ತೆಗೆದ.

ಇಡೀ ಕಟ್ಟಡ ಹವಳದ ಕಲ್ಲು. ಮ್ಜೇ ಗೋಡೆಗೆ ಕೈಯಿಟ್ಟು ತೋರಿಸಿದರು. ದೊಡ್ಡ ಗೋಡೆಗೆ ನೆಲದಲ್ಲಿ ಸಿಗುವ ಹಳೆಯ ಹವಳದ ಕಲ್ಲು ಸಾಕು. ನಮಾಜಿನ ದಿಕ್ಕು ತೋರಿಸುವ ಗೂಡು ಮಿಹ್ರಾಬು, ಬಾಗಿಲ ಚೌಕಟ್ಟು, ಕೆತ್ತನೆಗೆ ಮಾತ್ರ ಸಮುದ್ರದೊಳಗಿನ ಜೀವಂತ ಹವಳ ಕತ್ತರಿಸಿ ತರಬೇಕು. ಹಸಿಯಿದ್ದಾಗ ಮೆತ್ತಗೆ, ಗಾಳಿಗೆ ಒಣಗಿದರೆ ಗಟ್ಟಿ. ನಮ್ಮ ಚಿರೆಕಲ್ಲಿನ ಹಾಗೇ. ಹವಳವನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ಮನೆಯ ಮಾಡಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರದ ತೊಲೆ. ಆ ತೊಲೆಗಳು ಉದ್ದಕ್ಕೆ ಸಿಗುವುದಿಲ್ಲ. ಅದಕ್ಕೇ ಈ ಕರಾವಳಿಯ ಹಳೆಯ ಮನೆಗಳ ಕೋಣೆಗಳು ಎಷ್ಟೇ ಉದ್ದವಿರಲಿ, ಅಗಲ ಮೂರು ಮೀಟರಿನ ಒಳಗೇ. ಊರಿನ ಮರ ಎಷ್ಟು ಉದ್ದವೋ ಸಾಹುಕಾರನ ಕೋಣೆಯೂ ಅಷ್ಟೇ ಅಗಲ!

ಇದನ್ನೆಲ್ಲ ಕಟ್ಟಿದ್ದು ಯಾರು? ಬಹಳ ಕಾಲ ಯುರೋಪಿನ ವಿದ್ವಾಂಸರು ಕೊಟ್ಟ ಉತ್ತರ ಒಂದೇ: ಹೊರಗಿನವರು, ಅಂದರೆ ಅರಬರು, ಪರ್ಷಿಯನ್ನರು. ಆಫ್ರಿಕಾದವರು ಕಲ್ಲಿನ ಪಟ್ಟಣ ಕಟ್ಟಿಯಾರು ಅನ್ನುವುದೇ ಅವರ ತಲೆಗೆ ಹೋಗಲಿಲ್ಲ. ಇದಕ್ಕೆ ಕಿಲ್ವಾದ ಹಳೆಯ ಚರಿತ್ರೆಯ ಕಥೆಯೂ ಒತ್ತಾಸೆಯಾಯಿತು. ಪರ್ಷಿಯಾದ ಶಿರಾಜ್‌ನಿಂದ ಅಲಿ ಬಿನ್ ಅಲ್-ಹಸನ್ ಅನ್ನುವವನು ಬಂದ. ದ್ವೀಪದ ಸುತ್ತ ಹಾಸುವಷ್ಟು ಬಟ್ಟೆ ಕೊಟ್ಟು ಅಲ್ಲಿಯ ದೊರೆಯಿಂದ ದ್ವೀಪ ಕೊಂಡುಕೊಂಡ. ಮ್ಜೇ ಈ ಕಥೆಯನ್ನು ಕೈ ತಿರುಗಿಸಿ ತಿರುಗಿಸಿ ಹೇಳಿದರು. "ಅಷ್ಟು ಬಟ್ಟೆ ಎಲ್ಲಿಂದ ತಂದನೋ, ನಿಮ್ಮ ಇಂಡಿಯಾದ್ದೇ ಇರಬೇಕು" ಅಂತ ನಕ್ಕರು.

ಅಗೆದಾಗ ಸಿಕ್ಕಿದ್ದು ಬೇರೆ. ಇಲ್ಲಿ 1950ರ ದಶಕದ ಕೊನೆಯಿಂದ ಉತ್ಖನನ ಮಾಡಿದವರು ನೆವಿಲ್ ಚಿಟ್ಟಿಕ್. ಕಲ್ಲಿನ ಕಟ್ಟಡಗಳ ಕೆಳಗೆ ಮಣ್ಣು ಮೆತ್ತಿದ ತಡಿಕೆ ಮನೆಗಳು, ಕಬ್ಬಿಣ ಕರಗಿಸಿದ ಕಿಟ್ಟ, ಊರಿನದೇ ಮಡಕೆಗಳು ಸಿಕ್ಕವು. ಅಂದರೆ 9ನೇ ಶತಮಾನದ ಹೊತ್ತಿಗೇ ಇಲ್ಲಿ ಮೀನು ಹಿಡಿಯುವ, ಕಬ್ಬಿಣ ಮಾಡುವ ಜನ ಇದ್ದರು. ಇದಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಕೀನ್ಯಾದ ಪಾತೆ ದ್ವೀಪದ ಶಾಂಗಾದಲ್ಲಿ, 1980ರ ದಶಕದಲ್ಲಿ. ಮಾರ್ಕ್ ಹಾರ್ಟನ್ ಅಲ್ಲಿನ ಕಲ್ಲಿನ ಮಸೀದಿಯ ಕೆಳಗೆ ಅಗೆಯುತ್ತ ಹೋದಾಗ ಒಂದರಡಿ ಒಂದು ಹಳೆಯ ಮಸೀದಿ ಬಂತು. ಎಲ್ಲಕ್ಕಿಂತ ಕೆಳಗಿನವು ಮರದ ಗೂಟದವು, 8ನೇ ಶತಮಾನದವು. ಊರು ಹೊರಗಿಂದ ಬಂದು ಇಳಿದದ್ದಲ್ಲ, ಮಣ್ಣಿನಿಂದ ಕಲ್ಲಿಗೆ ನಿಧಾನವಾಗಿ ಬೆಳೆದದ್ದು. ಈ ಕರಾವಳಿಯ ಸ್ವಾಹಿಲಿ ಭಾಷೆಯೂ ಆಫ್ರಿಕಾದ ಬಾಂಟು ಭಾಷೆಗಳ ಕುಟುಂಬದ್ದೇ. ಅರಬ್ಬಿ ಪದಗಳು ಜಾಸ್ತಿ ಸೇರಿವೆ, ಅಷ್ಟೆ.

ಹಾಗಾದರೆ ಶಿರಾಜ್ ಕಥೆ ಪೂರ್ತಿ ಸುಳ್ಳಾ? ಅದೂ ಅಲ್ಲ. ಕರಾವಳಿಯ ಹಳೆಯ ಪಟ್ಟಣಗಳಲ್ಲಿ ಹೂಳಿದ್ದ 80 ಜನರ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ತಾಯಿಯ ಕಡೆ ಹೆಚ್ಚುಕಮ್ಮಿ ಎಲ್ಲ ಆಫ್ರಿಕಾ. ತಂದೆಯ ಕಡೆ ಅನೇಕರಲ್ಲಿ ಪರ್ಷಿಯಾ, ಜೊತೆಗೆ ಸ್ವಲ್ಪ ಭಾರತವೂ ಇದೆ. ಈ ಬೆರಕೆ ಶುರುವಾದದ್ದು ಕ್ರಿ.ಶ. 1000ದ ಸುಮಾರಿಗೆ. ಬಂದವರು ಇದ್ದದ್ದು ನಿಜ. ಆದರೆ ಅವರು ಬಂದದ್ದು ಆಗಲೇ ಇದ್ದ ಊರಿಗೆ, ಅಲ್ಲಿಯ ಹೆಣ್ಣುಮಕ್ಕಳ ಮನೆಗೆ. ಮಕ್ಕಳು ಆಡಿದ್ದು ತಾಯಂದಿರ ಭಾಷೆ. ನಮ್ಮ ಭಟ್ಕಳದ ನವಾಯತರ ಮನೆಗಳಲ್ಲೂ ಅರಬ್ ಮೂಲದ ಮಾತು ಇದೆ, ಆಡುವುದು ಮಾತ್ರ ಕೊಂಕಣಿಗೆ ಹತ್ತಿರದ ನವಾಯತಿ. ಅಲ್ವಾ?

ಹುಸುನಿ ಕುಬ್ವಾಕ್ಕೆ ನಡೆದು ಹೋಗಬೇಕು. ಬಿಸಿಲು ಬೆನ್ನು ಸುಡುತ್ತದೆ, ನೀರು ಇಟ್ಟುಕೊಳ್ಳಿ. ಸಮುದ್ರಕ್ಕೆ ಮುಖ ಮಾಡಿದ ದಿಬ್ಬದ ಮೇಲೆ, ದೊಡ್ಡ ಮಸೀದಿ ಬೆಳೆಸಿದ ಸುಲ್ತಾನ್ ಅಲ್-ಹಸನ್ ಕಟ್ಟಿಸಿದ ಅರಮನೆ ಇದು, ನೂರಕ್ಕೂ ಜಾಸ್ತಿ ಕೋಣೆಗಳದ್ದು. ಅವನ ಹೆಸರಿನ ಶಾಸನ ಇಲ್ಲೇ ಸಿಕ್ಕಿತು. ಒಂದು ಕಡೆ ಸರಕು ಇಡುವ ಸಾಲು ಕೋಣೆಗಳು, ಇನ್ನೊಂದು ಕಡೆ ಮೆಟ್ಟಿಲಿನ ಆಸನಗಳಿರುವ ಅಂಗಳ, ತುದಿಯಲ್ಲಿ ಎಂಟು ಮೂಲೆಯ ಕೊಳ. ಕೊಳದ ಅಂಚಿನಲ್ಲಿ ಕೂತರೆ ಬರುವ ಹಡಗು ದೂರದಿಂದಲೇ ಕಾಣುತ್ತದೆ. ಆಡಂಬರವೇನೋ ಹೌದು. ಆದರೆ ಗೋದಾಮು ಮತ್ತು ಅರಮನೆ ಒಂದೇ ಮಾಡಿನಡಿ ಇಟ್ಟ ರಾಜ ಬುದ್ಧಿವಂತ ವ್ಯಾಪಾರಿ ಅಂತಲೂ ಅನ್ನಿಸಿತು. ಪೂರ್ತಿ ಕಟ್ಟಿ ಮುಗಿಸುವುದು ಆಗಲಿಲ್ಲ, ಹೆಚ್ಚು ಕಾಲ ಯಾರೂ ವಾಸ ಮಾಡಲೂ ಇಲ್ಲ.

ಇಬ್ನ್ ಬತೂತ ಕಂಡದ್ದು ಇದೇ ಸುಲ್ತಾನನನ್ನು. ಶುಕ್ರವಾರದ ನಮಾಜು ಮುಗಿಸಿ ಬರುವಾಗ ಯೆಮನ್‌ನ ಫಕೀರನೊಬ್ಬ ಮೈಮೇಲಿನ ಬಟ್ಟೆ ಕೇಳಿದನಂತೆ, ಸುಲ್ತಾನ ಬಿಚ್ಚಿ ಕೊಟ್ಟನಂತೆ. ಮಗ ಆ ಬಟ್ಟೆಯನ್ನು ವಾಪಸ್ಸು ತಗೊಂಡು, ಬದಲಿಗೆ ಹತ್ತು ಗುಲಾಮರನ್ನು ಕೊಟ್ಟ. ಈ ದಾನದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಹತ್ತು ಜನರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸುಲ್ತಾನ ಒಳನಾಡಿನ ಮೇಲೆ ದಾಳಿ ಮಾಡುತ್ತಿದ್ದ ಅಂತಲೂ ಅದೇ ಬತೂತ ಬರೆದಿದ್ದಾನೆ. ಗುಲಾಮರ ವ್ಯಾಪಾರ ಯುರೋಪಿನವರು ಬಂದ ಮೇಲೆ ಹುಟ್ಟಿದ್ದಲ್ಲ. ಅವರು ಬಂದು ಅದನ್ನು ದೊಡ್ಡದು ಮಾಡಿದರು. 1776ರಲ್ಲಿ ಮೊರೀಸ್ ಅನ್ನುವ ಫ್ರೆಂಚ್ ವ್ಯಾಪಾರಿ ವರ್ಷಕ್ಕೆ 1000 ಗುಲಾಮರು ಬೇಕು ಅಂತ ಕಿಲ್ವಾದ ಸುಲ್ತಾನನ ಜೊತೆ ಕರಾರು ಮಾಡಿಕೊಂಡ. ಇದೇ ದ್ವೀಪದಲ್ಲಿರುವ ಮಕುತಾನಿ ಅರಮನೆಯ ದೊಡ್ಡ ಗೋಡೆಗಳು ಆ 18ನೇ ಶತಮಾನದವು.

ಕಿಲ್ವಾದ ಸುಲ್ತಾನರು ತಮ್ಮದೇ ತಾಮ್ರದ ನಾಣ್ಯ ಹಾಕಿಸುತ್ತಿದ್ದರು. ಒಂದು ಬದಿಯ ಸಾಲಿಗೂ ಇನ್ನೊಂದು ಬದಿಯ ಸಾಲಿಗೂ ಪ್ರಾಸ ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ಅಲ್-ಹಸನ್‌ನ ಒಂದು ನಾಣ್ಯ ದೂರದ ಒಳನಾಡಿನ ಹಳೆಯ ಕಲ್ಲಿನ ಪಟ್ಟಣ ಗ್ರೇಟ್ ಜಿಂಬಾಬ್ವೆಯಲ್ಲಿ ಸಿಕ್ಕಿದೆ. ಚಿನ್ನ ಬಂದ ದಾರಿಗೆ ಅದೊಂದು ಗುರುತು.

ಆ ಚಿನ್ನವೇ ಪೋರ್ಚುಗೀಸರನ್ನು ಎಳೆದದ್ದು. 1502ರಲ್ಲಿ ವಾಸ್ಕೊ ಡ ಗಾಮಾ ಹೆದರಿಸಿ ಕಪ್ಪ ವಸೂಲಿ ಮಾಡಿದ. ಆ ಚಿನ್ನದಲ್ಲಿ ಮಾಡಿದ ಪೂಜಾಪಾತ್ರೆ ಇವತ್ತೂ ಲಿಸ್ಬನ್‌ನ ಮ್ಯೂಸಿಯಮ್ಮಿನಲ್ಲಿದೆ. 1505ರ ಜುಲೈನಲ್ಲಿ ಅಲ್ಮೇಡಾ ಬಂದು ಊರನ್ನೇ ದೋಚಿದ, ಸುಲ್ತಾನ ಓಡಿಹೋದ. ಆಗಸ್ಟ್‌ನಲ್ಲಿ ಮೊಂಬಾಸಾ ಸುಟ್ಟ. ಸೆಪ್ಟೆಂಬರ್‌ನಲ್ಲಿ ಅದೇ ಹಡಗುಗಳು ಕಾರವಾರದ ಹತ್ತಿರ ಅಂಜುದೀವ್ ದ್ವೀಪಕ್ಕೆ ಬಂದು ಕೋಟೆ ಕಟ್ಟಲು ಶುರು ಮಾಡಿದವು. ಅಕ್ಟೋಬರ್‌ನಲ್ಲಿ ಹೊನ್ನಾವರದ ಬಂದರಿನಲ್ಲಿದ್ದ ಹಡಗುಗಳಿಗೆ ಬೆಂಕಿ. ಇದನ್ನು ಮ್ಜೇಗೆ ಹೇಳಿದೆ, ಗೆಳೆಯ ಸ್ವಾಹಿಲಿಗೆ ತಿರುಗಿಸಿದ. ಅವರು ಸ್ವಲ್ಪ ಯೋಚಿಸಿ, "ನಿಮ್ಮಲ್ಲಿ ಎಷ್ಟು ವರ್ಷ ಇದ್ದರು?" ಅಂತ ಕೇಳಿದರು. ಗೋವಾದಲ್ಲಿ 1961ರ ತನಕ ಅಂದೆ. ಕಿಲ್ವಾದ ಕೋಟೆಯನ್ನು ಅವರು 1512ರಲ್ಲೇ ಬಿಟ್ಟು ಹೋಗಿದ್ದರು. ಮ್ಜೇ ಗೆದ್ದವರ ಹಾಗೆ ತಲೆಯಾಡಿಸಿದರು. ಕೋಟೆ ಬಿಟ್ಟರು ನಿಜ, ಆದರೆ ಸೋಫಾಲದ ಚಿನ್ನವನ್ನು ಕಿತ್ತುಕೊಂಡೇ ಬಿಟ್ಟರು. ಕಿಲ್ವಾ ಬಡವಾಗಿದ್ದು ಅದರಿಂದ.

ಮರುದಿನ ಸೊಂಗೊ ಮ್ನಾರಾಕ್ಕೆ ಹೋದೆವು. 1981ರಲ್ಲಿ ಯುನೆಸ್ಕೊ ಪಟ್ಟಿಗೆ ಕಿಸಿವಾನಿಯ ಜೊತೆಗೇ ಸೇರಿದ ಇನ್ನೊಂದು ದ್ವೀಪ. 2004ರಿಂದ ಹತ್ತು ವರ್ಷ ಎರಡೂ ಅಪಾಯದ ಪಟ್ಟಿಯಲ್ಲಿದ್ದವು. ಇಲ್ಲಿ ಉಬ್ಬರ ನೋಡಿಕೊಂಡೇ ಹೊರಡಬೇಕು, ಇಲ್ಲದಿದ್ದರೆ ಕಾಂಡ್ಲಾ ಕೆಸರಿನಲ್ಲಿ ಮೊಣಕಾಲ ತನಕ ನಡಿಗೆ. ಕಿಸಿವಾನಿಯಲ್ಲಿ ಮಸೀದಿ, ಅರಮನೆ ನೋಡಿದ ಮೇಲೆ ಇಲ್ಲಿ ಸಂಸಾರಸ್ಥರ ಮನೆಗಳನ್ನು ನೋಡಬಹುದು. ಮೆಟ್ಟಿಲು, ಒಳ ಅಂಗಳ, ಉದ್ದ ಕೋಣೆಗಳು ಈಗಲೂ ಗೊತ್ತಾಗುತ್ತವೆ. 14ನೇ ಶತಮಾನದ ಕೊನೆಗೆ ಹುಟ್ಟಿದ ಊರು 16ನೇ ಶತಮಾನದಲ್ಲಿ ಖಾಲಿಯಾಯಿತು. ಮೇಲೆ ಬೇರೆ ಊರು ಬರಲಿಲ್ಲ, ಹಾಗಾಗಿ ಪುರಾತತ್ವದವರಿಗೆ ಇದು ಇಷ್ಟ. ಗೋರಿಗಳ ಹತ್ತಿರ ಜನ ಇಟ್ಟುಹೋದ ಬಿಳಿ ಹರಳುಕಲ್ಲು, ನಾಣ್ಯ ಅವರಿಗೆ ಸಿಕ್ಕಿವೆ.

ಹೋಗುವವರಿಗೆ ಒಂದು ಮಾತು: ಮಾರ್ಚ್‌ನಿಂದ ಮೇ ತನಕ ಮಳೆ ಜೋರು, ಜೂನ್ ನಂತರ ಹೋಗಿ. ದೋಣಿಯ ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಎರಡು ದ್ವೀಪವನ್ನು ಒಂದೇ ದಿನ ಮುಗಿಸುತ್ತೇವೆ ಅಂದರೆ ದೋಣಿಯವರು ಬೇಡ ಅನ್ನುವುದಿಲ್ಲ, ಆದರೆ ಹುಸುನಿ ಕುಬ್ವಾ ತಪ್ಪಿಹೋಗುತ್ತದೆ. ಮಸೋಕೊದಲ್ಲಿ ಸಂಜೆ ಚಪಾತಿ, ಹುರುಳಿಕಾಯಿ ಬೀಜದ ಸಾರು ಎಲ್ಲ ಕಡೆ ಸಿಗುತ್ತದೆ. ಮೀನು ತಿನ್ನುವವರು ಆಕ್ಟೋಪಸ್ ಇದೆಯಾ ಅಂತ ಕೇಳಿ ನೋಡಿ.