ಅದಿರಿನ ದಾರಿಯಲ್ಲಿ ಎರಡು ಸೈಕಲ್ಲು

ಬಳ್ಳಾರಿಯಲ್ಲಿ ಸೈಕಲ್ ತುಳಿಯುವವನಿಗೆ ರಸ್ತೆಗಳಿಗೆ ಬರವಿಲ್ಲ, ನೆರಳಿಗೆ ಬರ. ಊರ ನಡುವೆಯೇ ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡ ಎಂಬ ಎರಡು ಬಂಡೆಗುಡ್ಡಗಳು ನಿಂತಿವೆಯಾದರೂ ಅವು ಹಗಲಿನ ಬಿಸಿಲನ್ನು ಕೂಡಿಟ್ಟುಕೊಂಡು ರಾತ್ರಿಯವರೆಗೆ ನಮಗೆ ಹಂಚುತ್ತವೆಯೇ ಹೊರತು ಒಂದು ಮರದಷ್ಟು ತಂಪನ್ನೂ ಕೊಡುವುದಿಲ್ಲ. ಸಿರುಗುಪ್ಪದ ಕಡೆ ಹೋದರೆ ಗದ್ದೆ, ಆಂಧ್ರದ ಕಡೆ ಹೋದರೆ ಎರೆಹೊಲ. ಕಾಡಿನೊಳಗೆ ಸೈಕಲ್ ತುಳಿಯಬೇಕೆಂದರೆ 55 ಕಿಲೋಮೀಟರಿನಷ್ಟು ದೂರದ ಸಂಡೂರಿಗೇ ಹೋಗಬೇಕು. ಕಳೆದ ಸೆಪ್ಟೆಂಬರಿನ ಕೊನೆಯ ಭಾನುವಾರ, ಮಳೆ ನಿಂತು ನಾಲ್ಕು ದಿನವಾಗಿದ್ದಾಗ, ನಾನು ಮತ್ತು ನಮ್ಮ ಓಣಿಯ ನಿವೃತ್ತ ಗಣಿತ ಮೇಷ್ಟರು ಹೊರಟದ್ದು ಅಲ್ಲಿಗೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಸಂಡೂರನ್ನೂ ದಾಟಿ ಸ್ವಾಮಿಮಲೈ ಕಾಡಿನ ನಡುವಿರುವ ಕುಮಾರಸ್ವಾಮಿ ಗುಡಿಯವರೆಗೆ.

ಮೇಷ್ಟರಿಗೆ 61 ವರ್ಷ. ಅವರದು ದಪ್ಪ ಟೈರಿನ, ಹಿಂದೆ ಕ್ಯಾರಿಯರ್ ಇರುವ ಸಾಧಾರಣ ಗೇರ್ ಸೈಕಲ್ಲು. ನನ್ನದು ಬ್ಯಾಂಕಿನಲ್ಲಿ ಬೋನಸ್ ಬಂದ ವರ್ಷ ಕೊಂಡ, ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು. ಟೈರಿನ ಅಗಲ 25 ಮಿಲಿಮೀಟರು. ಹೊರಡುವ ಮೊದಲು ಅವರು ನನ್ನ ಟೈರನ್ನು ಎರಡು ಬೆರಳಲ್ಲಿ ಹಿಸುಕಿ, "ಇದು ಕಲ್ಲಿನಂಗ ಐತಲ್ರಿ, ಅಲ್ಲಿನ ದಾರಿಗೆ ಇಷ್ಟು ತೆಳ್ಳಗಿಂದು ನಡೀತೈತೇನು?" ಎಂದು ಕೇಳಿದ್ದರು. ನಡೆಯುತ್ತದೆ ಸರ್ ಎಂದು ನಾನು ತುಸು ಜಂಬದಿಂದಲೇ ಹೇಳಿದ್ದೆ.

ಬೆಳಗಿನ ಜಾವ ಪೌಣೆ ಐದಕ್ಕೆ ಊರು ಬಿಟ್ಟೆವು. ತೋರಣಗಲ್ಲಿನವರೆಗೆ 30 ಕಿಲೋಮೀಟರು 67ನೇ ರಾಷ್ಟ್ರೀಯ ಹೆದ್ದಾರಿ. ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಹಿಂದಿನಿಂದ ಬರುವ ಲಾರಿಯ ಸದ್ದನ್ನು ಕೇಳಿಯೇ ಅದು ತುಂಬಿದೆಯೋ ಖಾಲಿಯೋ ಎಂದು ಗುರುತಿಸುವ ವಿದ್ಯೆ ಮಾತ್ರ ಈ ದಾರಿಯಲ್ಲಿ ತಾನಾಗಿ ಬರುತ್ತದೆ. ಕುಡತಿನಿಯ ಹತ್ತಿರ ಬೆಳಕು ಹರಿಯಿತು. ಇದೇ ದಾರಿಯ ಆಸುಪಾಸಿನಲ್ಲಿ ನವಶಿಲಾಯುಗದ ಜನ ಸಗಣಿ ಸುಟ್ಟು ಬಿಟ್ಟುಹೋದ ಸಾವಿರಾರು ವರ್ಷ ಹಳೆಯ ಬೂದಿದಿಬ್ಬವಿದೆ. ಅದೇ ಊರಿನಲ್ಲಿ ಈಗ ಕಲ್ಲಿದ್ದಲು ಸುಟ್ಟು ಬೂದಿ ಮಾಡುವ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳೂ ಇವೆ. ಕುಡತಿನಿಗೆ ಬೂದಿಯ ಋಣ ತೀರಿದಂತಿಲ್ಲ ಎಂದು ಮೇಷ್ಟರು ಪೆಡಲ್ ನಿಲ್ಲಿಸದೆಯೇ ಹೇಳಿದರು.

ತೋರಣಗಲ್ಲಿನಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ, ದಕ್ಷಿಣದ ಕಡೆಗೆ ತಿರುಗಿದ ಮೇಲೆ ನಮ್ಮ ನಿಜವಾದ ಪ್ರಯಾಣ ಶುರುವಾಯಿತು. ಮೊದಲು ದೂರದಲ್ಲಿ ಒಂದು ನೀಲಿ ಗೆರೆ, ಬರಬರುತ್ತ ಅದು ಹಸಿರಾಗಿ, ತಾರಾನಗರದ ಹತ್ತಿರ ಬರುವ ವೇಳೆಗೆ ಎದ್ದು ನಿಂತ ಗೋಡೆಯಂಥ ಬೆಟ್ಟಸಾಲು. ಸಂಡೂರು ಎಂಬುದು ಎರಡು ಬೆಟ್ಟಸಾಲುಗಳ ನಡುವೆ ದೋಣಿಯ ಹಾಗೆ ಉದ್ದಕ್ಕೆ ಬಿದ್ದುಕೊಂಡಿರುವ ಕಣಿವೆ. ನಾರಿಹಳ್ಳವು ಭೀಮನಗಂಡಿಯಲ್ಲಿ ಆ ಗೋಡೆಯನ್ನು ಕೊರೆದುಕೊಂಡು ಹೊರಬಿದ್ದು ದರೋಜಿ ಕೆರೆಯ ಕಡೆಗೆ ಹರಿಯುತ್ತದೆ. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವೊಂದು ಸುತ್ತಲೂ ಬ್ರಿಟಿಷರ ಜಿಲ್ಲೆಯಿದ್ದರೂ 1949ರವರೆಗೆ ತನ್ನ ಪಾಡಿಗೆ ತಾನಿರಲು ಈ ಗೋಡೆಗಳ ಪಾಲೂ ಇದ್ದಿರಬೇಕೆಂದು ಆ ಗಂಡಿಯನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುತ್ತದೆ. ತಾರಾನಗರದ ಬಳಿ ಆ ಹಳ್ಳಕ್ಕೆ ಕಟ್ಟಿದ ಜಲಾಶಯದಲ್ಲಿ ನೀರು ತುಂಬಿತ್ತು. ಅದರ ಮೇಲಿಂದ ಬಂದ ಗಾಳಿಯಲ್ಲಿ ಹಸಿ ಹುಲ್ಲಿನ ವಾಸನೆಯಿತ್ತು. ಬಳ್ಳಾರಿಯವನ ಮೂಗಿಗೆ ಅದು ಪರಊರಿನ ವಾಸನೆ.

ಸಂಡೂರಿನಲ್ಲಿ ಒಗ್ಗರಣೆ, ಮಿರ್ಚಿ, ಚಹಾ ಆಯಿತು. ಸೈಕಲ್ಲಿನ ಬೆಲೆ ಎಷ್ಟೆಂದು ಮೂವರು ಕೇಳಿದರು. ನಾನು ಎಂದಿನಂತೆ ಅರ್ಧ ಹೇಳಿದೆ, ಅದಕ್ಕೂ ಅವರು ಒಂದು ಹಳೇ ಮೋಟರ್ ಬೈಕೇ ಬರುತ್ತಿತ್ತಲ್ಲ ಎಂದು ಮರುಗಿದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂಬ ಮಾತನ್ನು ಹೋಟೆಲಿನವರು ನಮಗೂ ಹೇಳಿದರು. ಇಲ್ಲಿ ಆ ಮಾತನ್ನು ಕೇಳದೆ ಚಹಾ ಕುಡಿದು ಎದ್ದುಬರುವುದು ಕಷ್ಟ.

ಅಲ್ಲಿಂದ ಗುಡಿಗೆ ಇನ್ನೂ ಹನ್ನೊಂದು ಹನ್ನೆರಡು ಕಿಲೋಮೀಟರು, ಬಹುಪಾಲು ಕಾಡು, ಬಹುಪಾಲು ಏರು. ದಿಂಡಗ, ಕಮರ, ಕಕ್ಕೆ, ಬಿದಿರಿನ ಹಿಂಡು, ಅವುಗಳ ಕಾಲಡಿಯಲ್ಲಿ ಎದೆಯೆತ್ತರದ ಹುಲ್ಲು, ಹುಲ್ಲಿನ ನಡುವೆ ಹೆಸರು ತಿಳಿಯದ ಹಳದಿ ಹೂಗಳು. ಎರಡು ಕಡೆ ನವಿಲು ಕಂಡವು. ಕರಡಿ, ಚಿರತೆಗಳಿರುವ ಕಾಡಾದರೂ ಹಗಲಿನಲ್ಲಿ ನಮಗೆ ಎದುರಾದದ್ದು ಮೇಯಲು ಹೊರಟ ಎಮ್ಮೆಗಳು ಮಾತ್ರ. ಸೈಕಲ್ಲಿನಲ್ಲಿ ಕಾಡನ್ನು ಮೊದಲು ನೋಡುವುದು ಕಣ್ಣಲ್ಲ, ಚರ್ಮ. ನೆರಳೊಳಗೆ ಹೊಕ್ಕ ಕ್ಷಣ ಮುಂಗೈ ತಣ್ಣಗಾಗುತ್ತದೆ, ಬಯಲಿಗೆ ಬಂದೊಡನೆ ಮತ್ತೆ ಕಾಯುತ್ತದೆ. ಹೀಗೆ ನೂರು ಸಲ ತಣಿದು ಕಾದು ಹೋಗುವಾಗ ಎಲ್ಲಿ ಮರ ದಟ್ಟವಾಗಿವೆ, ಎಲ್ಲಿ ಕಡಿದು ಬಯಲು ಮಾಡಿದ್ದಾರೆ ಎಂಬುದರ ಲೆಕ್ಕ ಮೈಗೇ ಸಿಕ್ಕಿಬಿಡುತ್ತದೆ.

ಕಾಲುಗಳಿಗೆ ಸಿಗುವ ಲೆಕ್ಕ ಬೇರೆ. ದೇವರಿಗೆಂದು ಜನ ಮಾಡಿಕೊಂಡ ದಾರಿ ತಾಳ್ಮೆಯಿಲ್ಲದ್ದು, ಹತ್ತುವುದಿದ್ದರೆ ನೆಟ್ಟಗೆ ಹತ್ತಿಬಿಡುತ್ತದೆ, ನಾನು ಸಣ್ಣ ಗೇರಿಗೆ ಬಂದು ಹ್ಯಾಂಡಲ್ಲಿನ ಮೇಲೆ ಬಾಗಿ ತೇಕಬೇಕಾಗುತ್ತದೆ. ಗಣಿಗಳ ಕಬ್ಬಿಣದ ಅದಿರಿಗೆಂದು ಮಾಡಿದ ದಾರಿ ಹಾಗಲ್ಲ. ತುಂಬಿದ ಲಾರಿಗೆ ಕಡಿದಾದ ಏರೂ ಆಗದು, ಇಕ್ಕಟ್ಟಾದ ತಿರುವೂ ಆಗದು, ಆದ್ದರಿಂದ ಬೆಟ್ಟದ ಸೊಂಟ ಬಳಸಿಕೊಂಡು ಅಗಲವಾಗಿ, ನಿಧಾನವಾಗಿ ಏರುತ್ತದೆ. ನನ್ನಂಥ ಹವ್ಯಾಸಿಗೆ ಹೇಳಿ ಮಾಡಿಸಿದ ಏರು ಅದು. ಈ ಕಾಡಿನಲ್ಲಿ ನಾನು ಮೆಚ್ಚಿಕೊಂಡು ತುಳಿದ ತಿರುವುಗಳಲ್ಲಿ ಹೆಚ್ಚಿನವು ಈ ಬಗೆಯವೇ ಎಂಬುದು ಆ ಬೆಳಿಗ್ಗೆ ಒಂದು ತಿರುವಿನಲ್ಲಿ ನೀರು ಕುಡಿಯುತ್ತ ನಿಂತಾಗ ಹೊಳೆಯಿತು. ಹೊಳೆದ ಮೇಲೆ ನೀರು ಅಷ್ಟು ರುಚಿಸಲಿಲ್ಲ.

ದಾರಿಯ ಅಂಚಿನ ಗಿಡಗಳು ಮಳೆ ನಿಂತು ನಾಲ್ಕೇ ದಿನಕ್ಕೆ ಅದಿರಿನ ಧೂಳಿನಿಂದ ಮತ್ತೆ ಕೆಂಪಾಗಲು ತೊಡಗಿದ್ದವು. 2005ರ ಸುಮಾರಿಗೆ ನಾನು ಕಾಲೇಜಿನಲ್ಲಿದ್ದಾಗ ಇದೇ ಕಡೆಗೆ ಬಸ್ಸಿನಲ್ಲಿ ಬಂದಿದ್ದೆ. ಆಗ ಎಲೆ, ಕಾಂಡ, ಮನೆಯ ಗೋಡೆ, ಎಮ್ಮೆ ಎಲ್ಲ ಒಂದೇ ಬಣ್ಣ; ಲಾರಿಗಳ ಸಾಲಿಗೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು; ಮುಂದೆ ಷರತ್ತುಗಳ ಮೇಲೆ ಹಂತಹಂತವಾಗಿ ಗಣಿಗಳು ತೆರೆದವು. ಈಗ ಲಾರಿಗಳ ಮೇಲೆ ತಾಡಪಾಲು ಇರುತ್ತದೆ. ಆದರೂ ತುಂಬಿದ ಲಾರಿ ಪಕ್ಕದಲ್ಲಿ ಹಾದುಹೋದಾಗ ಅರ್ಧ ನಿಮಿಷ ಉಸಿರು ಹಿಡಿಯುವುದನ್ನು ಇಲ್ಲಿ ತುಳಿಯುವ ಯಾರೂ ಮರೆಯುವಂತಿಲ್ಲ.

ಗುಡಿಗೆ ಎರಡು ಕಿಲೋಮೀಟರು ಇರುವಾಗ ನನ್ನ ಹಿಂದಿನ ಚಕ್ರ ಮೆತ್ತಗಾಯಿತು. ಚಕ್ರ ಬಿಚ್ಚಿ, ಹಳೆಯ ಟ್ಯೂಬ್ ತೆಗೆದು ಜೊತೆಗೆ ತಂದಿದ್ದ ಹೊಸದನ್ನು ತೂರಿಸಿ, ಗಾಳಿ ಹೊಡೆಯಲು ಹತ್ತೇ ನಿಮಿಷ ಸಾಕಾಯಿತು. "ಟೈರಿನ ಒಳಗ ಒಮ್ಮೆ ಕೈ ಆಡಸ್ರಿ" ಎಂದು ಮೇಷ್ಟರು ಹೇಳಿದರು. ನಾನು ಹೆಬ್ಬೆರಳನ್ನು ಒಂದು ಸುತ್ತು ಆಡಿಸಿದ ಶಾಸ್ತ್ರ ಮಾಡಿ, ಏನೂ ಇಲ್ಲ ಸರ್ ಎಂದೆ.

ಗುಡಿಯಲ್ಲಿ ಅರ್ಧ ಗಂಟೆ ಕೂತೆವು. ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಅದರ ಹತ್ತಿರವೇ ಕುಮಾರಸ್ವಾಮಿಯ ಗುಡಿ. ತಾಯಿಯೊಡನೆ ಮುನಿಸಿಕೊಂಡ ಮಗ ಕುಡಿದ ಎದೆಹಾಲನ್ನೇ ಕಕ್ಕಿ ಇಲ್ಲಿಗೆ ಬಂದನೆಂದೂ, ಬೆಟ್ಟದಲ್ಲಿ ಸಿಗುವ ಬಿಳಿಯ ಮಣ್ಣು ಆ ಹಾಲೇ ಎಂದೂ ಇಲ್ಲಿನವರು ಹೇಳುತ್ತಾರೆ. ಆ ಮಣ್ಣೇ ಇಲ್ಲಿನ ವಿಭೂತಿ. ಮಗನ ಗುಡಿಯೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ. ನನ್ನ ಹೆಂಡತಿ ಇದನ್ನು ಕೇಳಿದಂದಿನಿಂದ, ತಾಯಿಯ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸಿಕೊಳ್ಳುವ ದೇವರ ಹತ್ತಿರ ತನಗೇನು ಕೆಲಸ ಎಂದು ಈ ಕಡೆ ಬರುವುದನ್ನೇ ಬಿಟ್ಟಿದ್ದಾಳೆ. ಅವಳು ಹೇಳುವುದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಇಳಿಜಾರಿನಲ್ಲಿ ಮೂರನೆಯ ತಿರುವಿಗೆ ಮತ್ತೆ ಅದೇ ಚಕ್ರ ಕುಸಿಯಿತು. ಹಿಂಬದಿ ಒಮ್ಮೆಲೇ ತೇಲಿದಂತಾಗಿ ಸೈಕಲ್ಲು ಪಕ್ಕಕ್ಕೆ ಜಾರಿತು. ಕಾಲೂರಿದ್ದರಿಂದ ಬೀಳಲಿಲ್ಲ, ಎದುರಿಗೆ ಲಾರಿ ಬರುತ್ತಿರಲಿಲ್ಲ, ಅಷ್ಟೇ. ಮೇಷ್ಟರು ಏನನ್ನೂ ಹೇಳದೆ ತಮ್ಮ ಚೀಲದಿಂದ ಒಂದು ಹಿಡಿ ಹತ್ತಿ ತೆಗೆದು, ಬಿಚ್ಚಿದ ಟೈರಿನ ಒಳಮೈಗೆ ಒತ್ತಿ ಮೆಲ್ಲಗೆ ಸುತ್ತು ತಿರುಗಿಸಿದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡು ನಿಂತಿತು. ಅಲ್ಲಿ, ಹೊರಗಿನಿಂದ ಕಾಣದಂತೆ ರಬ್ಬರಿನಲ್ಲಿ ಹೂತು, ಕೂದಲಿಗಿಂತ ತುಸು ದಪ್ಪನೆಯ ಉಕ್ಕಿನ ತಂತಿಯ ಚೂರು. ಲಾರಿಯ ರೇಡಿಯಲ್ ಟೈರು ಸಿಡಿದು ಚಿಂದಿಯಾದಾಗ ಅದರೊಳಗಿನ ತಂತಿ ಹೀಗೆ ನುಚ್ಚಾಗಿ ರಸ್ತೆಯ ಅಂಚಿನಲ್ಲಿ ಬಿದ್ದಿರುತ್ತದೆ. ಲಾರಿಗಳಿಗೆ ಹೆದರಿ ನಾವು ಸರಿದುಕೊಳ್ಳುವುದೂ ಅದೇ ಅಂಚಿಗೇ. ಸಣ್ಣ ಇಕ್ಕಳದಿಂದ ಅದನ್ನು ಕಿತ್ತು, ಕನ್ನಡಕವನ್ನು ಹಣೆಗೇರಿಸಿ, "ಇದು ನೋಡ್ರಿ ನಿಮ್ಮ ಏನೂ ಇಲ್ಲ ಅನ್ನೋದು" ಎಂದು ನನ್ನ ಅಂಗೈಗೆ ಹಾಕಿದರು.

ಹೊಸ ಟ್ಯೂಬ್ ಮುಗಿದಿತ್ತು. ಪ್ಯಾಚ್ ಹಚ್ಚೋಣವೆಂದರೆ ನನ್ನ ಸಲ್ಯೂಷನ್ ಟ್ಯೂಬು ಒಳಗೊಳಗೇ ಒಣಗಿ ಗಟ್ಟಿಯಾಗಿತ್ತು. ಮೇಷ್ಟರಲ್ಲಿ ಹತ್ತಿಯಿತ್ತು, ಸಲ್ಯೂಷನ್ ಇರಲಿಲ್ಲ. ಗಂಟೆ ಹತ್ತೂವರೆ. ಸೈಕಲ್ಲನ್ನು ತಳ್ಳಿಕೊಂಡು ಒಂದೂವರೆ ಕಿಲೋಮೀಟರು ನಡೆದಿರಬೇಕು, ಹಿಂದಿನಿಂದ ಒಂದು ಸದ್ದು ಕೇಳಿತು. ಖಾಲಿ ಎಂದು ಕಿವಿಯೇ ಹೇಳಿತು. ಕೆಂಪು ಟಿಪ್ಪರೊಂದು ನಮ್ಮನ್ನು ದಾಟಿ ಹೋಗಿ ನಿಂತಿತು.

"ಏನಾತ್ರಿ ಸಾರ್? ಪಂಚರಾ? ಹತ್ರಿ, ಸಂಡೂರಿಗೆ ಬಿಡ್ತೀನಿ."

ಬೆಳಗಿನಿಂದ ಲಾರಿಗಳಿಗೆ ಮನಸ್ಸಿನಲ್ಲಿ ಇಟ್ಟಿದ್ದ ಶಾಪಗಳನ್ನೆಲ್ಲ ನುಂಗಿಕೊಂಡು ನಾನು ಹತ್ತಿದೆ. ಸೈಕಲ್ಲುಗಳನ್ನು ಹಿಂದೆ, ಗಿಣ್ಣಿನಷ್ಟು ಆಳದ ಅದಿರು ಪುಡಿಯ ನಡುವೆ ಹಗ್ಗದಿಂದ ಬಿಗಿದೆವು. ಡ್ರೈವರ್ ನಲವತ್ತೈದರ ಆಸುಪಾಸಿನವನು, ಕೂಡ್ಲಿಗಿ ಕಡೆಯ ಹಳ್ಳಿಯವನು. 2011ರಲ್ಲಿ ಗಣಿ ನಿಂತಾಗ ಸಾಲದ ಲಾರಿಯನ್ನು ಕಂಪನಿಯವರು ಎಳೆದುಕೊಂಡು ಹೋದರಂತೆ. ಐದು ವರ್ಷ ಬೆಂಗಳೂರಿನಲ್ಲಿ ನೀರಿನ ಟ್ಯಾಂಕರ್ ಓಡಿಸಿ ಮತ್ತೆ ಬಂದನಂತೆ. ಈಗ ಸಂಬಳದ ಕೆಲಸ, ಟ್ರಿಪ್ಪಿಗೊಂದು ಪರ್ಮಿಟ್ಟು, ತೂಕ ಹೆಚ್ಚಾದರೆ ದಂಡ. ಗಣಿ ನಿಂತದ್ದು ಒಳ್ಳೆಯದಾಯಿತಲ್ಲವೇ ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ. ಅವನು ಒಂದು ತಿರುವು ದಾಟುವವರೆಗೆ ಸುಮ್ಮನಿದ್ದು, "ಗಿಡಕ್ಕ ಒಳ್ಳೇದಾತ್ರಿ. ನಮ್ಮ ಮನ್ಯಾಗ ಆ ವರ್ಷ ಹುಡುಗಿ ಸಾಲಿ ಬಿಟ್ಳು" ಎಂದ. ಮೇಷ್ಟರು ಆ ಹುಡುಗಿ ಎಷ್ಟನೇ ತರಗತಿಯಲ್ಲಿದ್ದಳು, ಈಗ ಏನು ಮಾಡುತ್ತಿದ್ದಾಳೆ ಎಂದು ಒಂದೊಂದಾಗಿ ವಿಚಾರಿಸಿದರು. ಏಳನೆಯದು, ಮದುವೆಯಾಗಿದೆ. ನಾನು ಕಿಟಕಿಯಾಚೆ, ಸೈಕಲ್ಲಿನಲ್ಲಿ ಬರುವಾಗ ಇಂಚಿಂಚಾಗಿ ಹತ್ತಿದ್ದ ತಿರುವುಗಳು ಸರಸರನೆ ಕೆಳಗಿಳಿದು ಹೋಗುವುದನ್ನು ನೋಡುತ್ತಿದ್ದೆ.

ಸಂಡೂರಿನ ಪಂಕ್ಚರ್ ಅಂಗಡಿಯವನು ನನ್ನ ಟ್ಯೂಬನ್ನು ನೀರಿನಲ್ಲಿ ಮುಳುಗಿಸುವ ಮೊದಲೇ "ತಂತಿ" ಎಂದ. ಎರಡೂ ಟ್ಯೂಬಿಗೆ ಪ್ಯಾಚ್ ಹಾಕಿ ಅರವತ್ತು ರೂಪಾಯಿ ತೆಗೆದುಕೊಂಡ. ಡ್ರೈವರಿಗೆ ಹಣ ಕೊಡಲು ಹೋದರೆ ಬೇಡವೆಂದ. ಕಡೆಗೆ ಮೂವರೂ ಚಹಾ ಕುಡಿದೆವು.

ಹಿಂದಿರುಗುವ ದಾರಿ ಎದುರುಗಾಳಿ ಮತ್ತು ಬಿಸಿಲಿನಲ್ಲಿ ಕಳೆಯಿತು. ತೋರಣಗಲ್ಲು ದಾಟಿದ ಮೇಲೆ ನಾನು ಮೇಷ್ಟರ ಹಿಂದೆ, ಗಾಳಿಗೆ ಅವರನ್ನು ಮರೆ ಮಾಡಿಕೊಂಡು ತುಳಿದೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಊರು ಮುಟ್ಟಿದಾಗ ಮೂರು ಗಂಟೆಯಾಗಿತ್ತು. ಓಣಿಯ ತುದಿಯಲ್ಲಿ ನಿಂತು, ಮುಂದಿನ ಸಲ ರಾಮನದುರ್ಗದ ಕಡೆಗೆ ಹೋಗೋಣವೆಂದೂ ಅಷ್ಟರಲ್ಲಿ 32 ಮಿಲಿಮೀಟರಿನ ಟೈರು ಹಾಕಿಸುತ್ತೇನೆಂದೂ ಹೇಳಿದೆ. ಮೇಷ್ಟರು ಬಗ್ಗಿ ನನ್ನ ಸೈಕಲ್ಲಿನ ಬ್ರೇಕಿಗೂ ಚಕ್ರಕ್ಕೂ ನಡುವಿನ ಸಂದಿಯಲ್ಲಿ ಕಿರುಬೆರಳು ತೂರಿಸಿ ನೋಡಿದರು.

"ಇಲ್ಲಿ 28ರ ಮ್ಯಾಲ ಹಿಡಿಯಂಗಿಲ್ಲ. ಇರಲಿ, 28 ಹಾಕಿಸ್ರಿ" ಎಂದು ಹೊರಟವರು ತಿರುಗಿ, ಚೀಲದಲ್ಲಿ ಉಳಿದಿದ್ದ ಹತ್ತಿಯನ್ನು ನನ್ನ ಕೈಗೆ ಕೊಟ್ಟರು.