ಎಲ್ಲಾ ತಾನೇ ನೋಡಿಕೊಳ್ಳುತ್ತೆ ಸಾರ್

ದಾವಣಗೆರೆಯ ನಮ್ಮ ಆಫೀಸಿಗೆ ಹೊಸ ವೈಫೈ ಬಂದಿದೆ. "ಎಲ್ಲಾ ತಾನೇ ನೋಡಿಕೊಳ್ಳುತ್ತೆ ಸಾರ್, ನೀವು ಕೈ ಹಾಕೋದೇ ಬೇಡ" ಅಂದರು ಹಾಕಿದ ಹುಡುಗರು. ಕೇಳೋಕೆ ಚೆನ್ನಾಗಿದೆ. ಆದರೆ ತಾನೇ ನಡೆಯುವ ನೆಟ್‌ವರ್ಕ್ ಯಾರ ಮಾತನ್ನು ನಂಬುತ್ತೆ ಅನ್ನೋದನ್ನು ಯಾರೂ ಕೇಳಲ್ಲ ಅಲ್ವಾ?

ಇಡೀ ಇಂಟರ್ನೆಟ್ ನಡೆಯುವುದೇ ಹೀಗೆ. ಒಂದು ಕಂಪನಿಯ ರೂಟರ್ "ಆ ವಿಳಾಸಕ್ಕೆ ದಾರಿ ನನ್ನ ಕಡೆ ಇದೆ" ಅಂದರೆ ಪಕ್ಕದ ರೂಟರ್ ಒಪ್ಪಿಕೊಂಡು ಮುಂದಿನವರಿಗೂ ಹೇಳುತ್ತದೆ, ಪಿ.ಬಿ. ರಸ್ತೆಯಲ್ಲಿ ಅಡ್ರೆಸ್ ಕೇಳಿದಾಗ ಯಾರೋ ಧೈರ್ಯವಾಗಿ ಕೈ ತೋರಿಸಿದ ಕಡೆ ನಾವು ಸುಮ್ನೆ ಗಾಡಿ ತಿರುಗಿಸುವ ಹಾಗೆ. ರೂಟರ್‌ಗಳು ಹೀಗೆ ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪದ್ಧತಿಗೆ ಬಿಜಿಪಿ ಅಂತಾರೆ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹಾಕಿದ ಸುಳ್ಳು ದಾರಿ ಹೊರಗೆ ಸೋರಿಹೋಗಿ, ಸುಮಾರು 2 ಗಂಟೆ ಜಗತ್ತಿನ ಎಷ್ಟೋ ಕಡೆ ಯೂಟ್ಯೂಬೇ ಸಿಗಲಿಲ್ಲ. ಯಾರೂ ಹ್ಯಾಕ್ ಮಾಡಿರಲಿಲ್ಲ, ರೂಟರ್‌ಗಳು ಹೇಳಿದ್ದನ್ನು ನಂಬಿದವು ಅಷ್ಟೇ.

ಇಂಥ ಸುಳ್ಳು ದಾರಿ ತಡೆಯೋಕೆ ಈಗ ಆರ್‌ಪಿಕೆಐ ಅನ್ನೋ ವ್ಯವಸ್ಥೆ ಇದೆ. ಯಾವ ವಿಳಾಸವನ್ನು ಯಾರು ಸಾರಬಹುದು ಅನ್ನೋದಕ್ಕೆ ಡಿಜಿಟಲ್ ಸಹಿ ಇರುವ ದಾಖಲೆ ಸಿಗುತ್ತದೆ. ಒಳ್ಳೆಯದೇ. ಆದರೆ ಅದು ನೋಡುವುದು ಕೊನೆಯ ಮನೆ ಯಾರದು ಅಂತ ಮಾತ್ರ, ನಡುದಾರಿಯಲ್ಲಿ ಯಾರು ನಿಂತಿದ್ದಾರೆ ಅಂತ ಅಲ್ಲ. ಎಲ್ಲರೂ ಅದನ್ನು ಹಾಕಿಕೊಂಡೂ ಇಲ್ಲ.