ಕ್ರಿಸ್‌ಮಸ್‌ಗೆ ಬಾರ್ಸಿಲೋನಾಗೆ ಹೋದರೆ ಎಲ್ಲಾ ಬಂದ್ ಇರಲ್ವಾ?

ಡಿಸೆಂಬರ್ 22ರಿಂದ ಜನವರಿ 6ರವರೆಗೆ ಬಾರ್ಸಿಲೋನಾದಲ್ಲಿದ್ದೆ ಅಂದ ತಕ್ಷಣ ಎಲ್ಲರೂ ಕೇಳುವುದು ಇದನ್ನೇ. ಆಫೀಸಿನವರು ಕೇಳಿದರು, ಫ್ರೆಂಡ್ಸ್ ಕೇಳಿದರು, ಮಂಡ್ಯದ ನಮ್ಮ ಅತ್ತೆಯಂತೂ "ಅವರ ಹಬ್ಬದ ದಿನ ಅವರ ಊರಿಗೆ ಹೋಗಿ ಬೀಗ ಹಾಕಿದ ಬಾಗಿಲು ನೋಡ್ಕೊಂಡ್ ಬಂದ್ಯಾ" ಅಂದುಬಿಟ್ಟರು. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಬಂದ್ ಇರುತ್ತೆ, ನಿಜ. ಲೆಕ್ಕ ಹಾಕಿದರೆ ಹೆಚ್ಚೂಕಮ್ಮಿ ಒಂದೂವರೆ ದಿನ. 24ರ ಸಂಜೆಯಿಂದ ಅಂಗಡಿಗಳು ಒಂದೊಂದಾಗಿ ಷಟರ್ ಎಳೆಯುತ್ತವೆ, 25 ಪೂರ್ತಿ ರಜೆ. 26 ಕೂಡ ಬಾರ್ಸಿಲೋನಾ ಇರುವ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ ರಜೆಯೇ, ಮ್ಯಾಡ್ರಿಡ್‌ನಲ್ಲಿ ಇಲ್ಲ. ಆದರೆ ಅವತ್ತು ಊಟದ ಹೋಟೆಲುಗಳು ಸುಮಾರು ತೆಗೆದಿರುತ್ತವೆ. 25ರಂದೂ ಮೆಟ್ರೋ ಓಡುತ್ತೆ. ಊರಿನ ಹೆಸರಾಂತ ಚರ್ಚ್ ಸಗ್ರಾದಾ ಫಮೀಲಿಯಾ ಕೂಡ ಮಧ್ಯಾಹ್ನದವರೆಗೆ ತೆಗೆದಿತ್ತು. ಯುಗಾದಿ ದಿನ ನಮ್ಮ ಮಂಡ್ಯಕ್ಕೆ ಯಾರಾದರೂ ಹೊರಗಿನವರು ಬಂದರೆ ಅವರಿಗೂ ಹೀಗೇ ಅನಿಸುತ್ತೆ ಅಲ್ವಾ? ಬೀದಿ ಖಾಲಿ, ಒಳಗೆ ಮಾತ್ರ ಒಗ್ಗರಣೆ ವಾಸನೆ.

ನಾನು ಹೋಗಿ ಇಳಿದ 22ರ ಬೆಳಿಗ್ಗೆಯೇ ಒಂದು ವಿಚಿತ್ರ ನೋಡಿದೆ. ಕಾಫಿಗೆ ಅಂತ ಹೊಕ್ಕ ಸಣ್ಣ ಬಾರ್‌ನಲ್ಲಿ ಎಲ್ಲರೂ ಟಿವಿ ಕಡೆ ಮುಖ ಮಾಡಿ ಕೂತಿದ್ದಾರೆ. ಟಿವಿಯಲ್ಲಿ ಶಾಲೆ ಮಕ್ಕಳು, ನಾವು ಮಗ್ಗಿ ಹೇಳುತ್ತಿದ್ದೆವಲ್ಲ, ಹಾಗೆ ರಾಗ ಎಳೆದು ಬರೀ ಸಂಖ್ಯೆ ಹಾಡುತ್ತಿದ್ದಾರೆ. ಒಂದು ಗಂಟೆ ಅಲ್ಲ, ಇಡೀ ಬೆಳಿಗ್ಗೆ. ಅದು 1812ರಿಂದ ನಡೆದು ಬಂದಿರುವ ಕ್ರಿಸ್‌ಮಸ್ ಲಾಟರಿ. ಹಾಡುವವರು ಮ್ಯಾಡ್ರಿಡ್‌ನ ಸಾನ್ ಇಲ್ದೆಫೋನ್ಸೊ ಶಾಲೆಯ ಮಕ್ಕಳು. ಟಿಕೆಟ್ಟಿನ ಹತ್ತನೇ ಒಂದು ಭಾಗಕ್ಕೆ 20 ಯೂರೋ, ದೊಡ್ಡ ಬಹುಮಾನ ಹೊಡೆದರೆ ಆ ಒಂದು ಭಾಗಕ್ಕೇ 4 ಲಕ್ಷ ಯೂರೋ. ನನ್ನ ಪಕ್ಕದ ತಾತ ಚೀಟಿಯನ್ನು ಕೈಯಲ್ಲೇ ಹಿಡಿದು ಕೂತಿದ್ದರು, ಕಾಫಿ ಆರಿ ತಣ್ಣಗಾಗಿತ್ತು.

ಮಾರನೇ ದಿನ ಕೆಥೆಡ್ರಲ್ ಮುಂದಿನ ಸಾಂತಾ ಯೂಸಿಯಾ ಜಾತ್ರೆಗೆ ಹೋದೆ. 1786ರಿಂದ ನಡೆಯುತ್ತಿದೆಯಂತೆ, 23ಕ್ಕೆ ಮುಗಿದುಹೋಗುತ್ತೆ. ಹಾಗಾಗಿ 24ಕ್ಕೆ ಹೋದವರಿಗೆ ಇಲ್ಲ. ಗೋದಲಿಗೆ ಬೇಕಾದ ಬೊಂಬೆ, ಪಾಚಿ, ಬೆಂಡಿನ ತೊಗಟೆ, ಕಡ್ಡಿಯ ಬೇಲಿ, ಕೈಬೆರಳಿನಷ್ಟು ಕೋಳಿ, ಎಲ್ಲಾ ಸಿಗುತ್ತೆ. ದಸರಾ ಬೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರು ಇಲ್ಲಿ ಒಂದು ಗಂಟೆ ಸುಲಭವಾಗಿ ಕಳೆಯಬಹುದು. ಆದರೆ ಕುರಿ ಕಾಯುವವರು, ದೇವದೂತರ ನಡುವೆ ಒಬ್ಬ ಕೆಂಪು ಟೋಪಿಯವನು ಚಡ್ಡಿ ಬಿಚ್ಚಿ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಹಿಂದೆ ಗುಡ್ಡೆ! ನಾನು ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಂಡೆ. ಪಕ್ಕದ ಅಂಗಡಿಯಲ್ಲಿ ನೋಡಿದರೆ ಸಾಲಾಗಿ ಇನ್ನೂರು ಜನ ಹೀಗೇ ಕೂತಿದ್ದಾರೆ, ಫುಟ್‌ಬಾಲ್ ಆಟಗಾರರು, ರಾಜಕಾರಣಿಗಳು, ಎಲ್ಲಾ. ಇವನ ಹೆಸರು ಕಗನೇರ್. ಹೊಲಕ್ಕೆ ಗೊಬ್ಬರ ಕೊಡುವವನು, ಮುಂದಿನ ವರ್ಷದ ಬೆಳೆಗೆ ಶುಭ ಅಂತ ಅಲ್ಲಿನ ವಿವರಣೆ. ರೈತರ ಮನೆಯವನಾದ ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಒಂದು ತಗೊಂಡು "ಫೆಲಿಸ್ ನವಿದಾದ್" ಅಂದೆ. ಅಂಗಡಿಯಾಕೆ ನಗುತ್ತಾ, ಆದರೆ ಒತ್ತಿ, "ಬೋನ್ ನದಾಲ್" ಅಂದರು. ಎರಡೂ ಕ್ರಿಸ್‌ಮಸ್ ಶುಭಾಶಯವೇ, ಮೊದಲನೆಯದು ಸ್ಪ್ಯಾನಿಷ್, ಎರಡನೆಯದು ಅವರ ಕ್ಯಾಟಲನ್. ಬೆಂಗಳೂರಿನಲ್ಲಿ ಬದುಕುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಎಲ್ಲಾ ಕಡೆ ಬೋನ್ ನದಾಲ್ ಅಂತಲೇ ಹೇಳಿದೆ.

ಈಗ 24ರ ಸಂಜೆ. ತಪ್ಪು ಮಾಡಿದ್ದು ಇಲ್ಲೇ. ರಾತ್ರಿ ಊಟ ಎಲ್ಲಾದರೂ ಸಿಗುತ್ತೆ ಅಂತ ಸುಮ್ನೆ ಸುತ್ತಾಡುತ್ತಿದ್ದೆ. ಏಳೂವರೆ ಎಂಟಕ್ಕೆ ನೋಡಿದರೆ ಬೀದಿಯಲ್ಲಿ ಕೈಯಲ್ಲಿ ಕೇಕ್ ಡಬ್ಬ ಹಿಡಿದು ಓಡುವವರನ್ನು ಬಿಟ್ಟರೆ ಯಾರೂ ಇಲ್ಲ. ತೆಗೆದಿದ್ದ ಒಂದೆರಡು ಹೋಟೆಲ್‌ನಲ್ಲಿ ಮುಂಚೆಯೇ ಬುಕ್ ಮಾಡಿದವರಿಗೆ ಮಾತ್ರ ಜಾಗ, ಅದೂ ಹಬ್ಬದ ರೇಟು. ಕೊನೆಗೆ ರವಾಲ್ ಕಡೆ ನಡೆದೆ. ಅಲ್ಲಿ ಪಾಕಿಸ್ತಾನ, ಬಾಂಗ್ಲಾದೇಶದವರ ಅಂಗಡಿಗಳು ಜಾಸ್ತಿ. ಒಂದರಲ್ಲಿ ದೀಪ ಉರಿಯುತ್ತಿತ್ತು. ನನ್ನ ಹರಕು ಹಿಂದಿ, ಅವರ ಪಂಜಾಬಿ ಬೆರೆತ ಉರ್ದು. ಮೊಸರು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ತಗೊಂಡೆ. ಅಮ್ಮ ಬ್ಯಾಗಿಗೆ ತುರುಕಿದ್ದ ಅವಲಕ್ಕಿ, ಚಟ್ನಿಪುಡಿ ಹಾಸ್ಟೆಲ್‌ನಲ್ಲಿತ್ತು. ಹೊರಡುವಾಗ ಬೇಡ ಭಾರ ಅಂತ ಅವರ ಜೊತೆ ಜಗಳ ಆಡಿದ್ದೆ!

ಹಾಸ್ಟೆಲ್ ಅಡುಗೆಮನೆಯಲ್ಲಿ ಅವಲಕ್ಕಿ ನೆನೆಸುತ್ತಿರುವಾಗ ರಿಸೆಪ್ಷನ್ ಹುಡುಗಿ ಬಂದಳು. ಅವಳಿಗೆ ಅವತ್ತು ರಾತ್ರಿ ಪಾಳಿ, ಮನೆಗೆ ಹೋಗಲು ಆಗಿರಲಿಲ್ಲ. ಅವಳ ಮೇಜಿನ ಕೆಳಗೆ ಒಂದು ಮರದ ತುಂಡು ಇತ್ತು, ಬಂದ ದಿನವೇ ನೋಡಿದ್ದೆ. ಮುಂದೆ ಎರಡು ಕಡ್ಡಿ ಕಾಲು, ಕೊಯ್ದ ಕಡೆ ಬರೆದ ಕಣ್ಣು ಬಾಯಿ, ತಲೆಗೆ ಕೆಂಪು ಟೋಪಿ, ಬೆನ್ನ ಮೇಲೆ ಮಗುವಿಗೆ ಹೊದಿಸಿದ ಹಾಗೆ ಕಂಬಳಿ, ಎದುರಿಗೆ ಕಿತ್ತಳೆ ಸಿಪ್ಪೆ. ಅಲಂಕಾರ ಇರಬೇಕು ಅಂದುಕೊಂಡಿದ್ದೆ. ಇದರ ಹೆಸರು ತಿಯೋ. ಡಿಸೆಂಬರ್ 8ರಿಂದ ಮಕ್ಕಳು ಇದಕ್ಕೆ ದಿನಾ ಏನಾದರೂ ತಿನ್ನಿಸಿ, ಚಳಿ ಆಗದಂತೆ ಕಂಬಳಿ ಹೊದಿಸಿ ಸಾಕುತ್ತಾರೆ. ಕ್ರಿಸ್‌ಮಸ್ ಬಂದಾಗ ಕೋಲು ತಗೊಂಡು ಹೊಡೆಯುತ್ತಾರೆ, ಕಕ್ಕ ಮಾಡು ಅಂತ ಹಾಡು ಹೇಳಿಕೊಂಡು! ಕಂಬಳಿ ಎತ್ತಿದರೆ ಅಡಿಯಲ್ಲಿ ಮಿಠಾಯಿ.

ಅವಳು ನಮಗೆಲ್ಲಾ ಒಂದೊಂದು ಮರದ ಸೌಟು ಕೊಟ್ಟಳು. ನಾನು, ಒಬ್ಬ ಕೊರಿಯಾದವನು, ಬ್ರೆಜಿಲ್‌ನಿಂದ ಬಂದಿದ್ದ ಗಂಡ ಹೆಂಡತಿ. ಹಾಡು ಯಾರಿಗೂ ಬರಲ್ಲ, ಅವಳು ಒಬ್ಬಳೇ ಹಾಡಿದಳು, ನಾವು ಬಡಿದೆವು. ನಿಯಮ ಏನೆಂದರೆ, ಹೊಡೆದ ಮೇಲೆ ಬೇರೆ ಕೋಣೆಗೆ ಹೋಗಿ ಸೌಟು ಬಿಸಿ ಮಾಡಿಕೊಂಡು ಬರಬೇಕು. ಯಾಕೆ ಅಂತ ಕೊರಿಯಾದವನು ಗಂಭೀರವಾಗಿ ಕೇಳಿದ. ದೊಡ್ಡವರು ಕಂಬಳಿ ಕೆಳಗೆ ಮಿಠಾಯಿ ಇಡಬೇಕಲ್ಲಪ್ಪಾ! ನಾವು ನಾಲ್ಕು ಜನ ವಯಸ್ಸಿಗೆ ಬಂದವರು ಕಾರಿಡಾರ್‌ನಲ್ಲಿ ಸೌಟು ಹಿಡಿದು ನಿಂತು ಕಾದೆವು. ವಾಪಸ್ ಬಂದು ಕಂಬಳಿ ಎತ್ತಿದರೆ ತುರ್ರೋನ್ ತುಂಡುಗಳು, ನಮ್ಮ ಚಿಕ್ಕಿಯ ಅಣ್ಣ ಅನ್ನಬಹುದು, ಬಾದಾಮಿ ಮತ್ತು ಜೇನು. ಅವರು ನನ್ನ ಅವಲಕ್ಕಿ ತಿಂದರು. ಚಟ್ನಿಪುಡಿ ಖಾರಕ್ಕೆ ಬ್ರೆಜಿಲ್ ಆಸಾಮಿ ಕಣ್ಣಲ್ಲಿ ನೀರು.

25ರ ಬೆಳಿಗ್ಗೆ ಬಂದರಿನ ಕಡೆ ಹೋಗಿ. ಹಳೇ ಬಂದರಿನಲ್ಲಿ 200 ಮೀಟರ್ ಈಜು ಸ್ಪರ್ಧೆ ಇರುತ್ತೆ, 1907ರಿಂದ, ಸ್ಪೇನಿನ ಅಂತರ್ಯುದ್ಧದ ವರ್ಷಗಳು ಬಿಟ್ಟರೆ. ಚಳಿಯಲ್ಲಿ ಟೋಪಿ ಹಾಕಿಕೊಂಡು ದಡದಲ್ಲಿ ನಡುಗುವವರು ನಾವು, ನೀರಿಗೆ ಹಾರುವವರಲ್ಲಿ ಅಜ್ಜಂದಿರೂ ಇದ್ದಾರೆ. ಮಧ್ಯಾಹ್ನ ಸಮುದ್ರದ ದಂಡೆಯಲ್ಲಿ ನಡೆದೆ. ಸಂಜೆ ಹೊತ್ತಿಗೆ ಊಟ ಮುಗಿಸಿದ ಮನೆಯವರೆಲ್ಲಾ ಹೊಸ ಬಟ್ಟೆಯಲ್ಲಿ ಹೊರಗೆ ಬಂದರು, ಹೊಟ್ಟೆ ಭಾರದ ನಡಿಗೆ.

26ರ ಊಟ ತಪ್ಪಿಸಬೇಡಿ. ಹಿಂದಿನ ದಿನದ ದೊಡ್ಡ ಸಾರಿನಲ್ಲಿ ಬೇಯಿಸಿ ಉಳಿದ ಮಾಂಸವನ್ನು ಅರೆದು, ಪಾಸ್ತಾ ಹಾಳೆಯಲ್ಲಿ ಸುತ್ತಿ, ಮೇಲೆ ಬಿಳಿ ಸಾಸ್ ಸುರಿದು ಬೇಯಿಸಿದ ಕನೆಲೋನ್ಸ್ ಅವತ್ತಿನ ವಿಶೇಷ. ಹಬ್ಬದ ಮಾರನೇ ದಿನ ಬಾಡೂಟ ಅಂದಮೇಲೆ ನನ್ನ ಲೆಕ್ಕದಲ್ಲಿ ಅದು ಹೊಸತೊಡಕೇ. ಸಸ್ಯಾಹಾರಿಗಳಿಗೆ ಮಾತ್ರ ಈ ವಾರ ಕಷ್ಟ, ಸುಳ್ಳು ಹೇಳಲ್ಲ.

31ರ ದ್ರಾಕ್ಷಿ ಕಥೆ ಬೇಗ ಹೇಳುತ್ತೇನೆ. ಹನ್ನೆರಡು ಗಂಟೆ ಹೊಡೆಯುವಾಗ ಒಂದೊಂದು ಹೊಡೆತಕ್ಕೆ ಒಂದೊಂದು ದ್ರಾಕ್ಷಿ ತಿನ್ನಬೇಕು. ಎಣಿಸಿ ಹನ್ನೆರಡು ಹಾಕಿದ ಸಣ್ಣ ಡಬ್ಬಿಯೇ ಅಂಗಡಿಯಲ್ಲಿ ಸಿಗುತ್ತೆ. ಆದರೆ ನಿಜವಾದ ಹೊಡೆತಕ್ಕೆ ಮುಂಚೆ ಕಾಲು ಗಂಟೆಗಳ ಸದ್ದು ನಾಲ್ಕು ಬರುತ್ತೆ. ನಾನು ಅದಕ್ಕೇ ನಾಲ್ಕು ನುಂಗಿಬಿಟ್ಟೆ.

ಇಷ್ಟಾದ ಮೇಲೂ ಅಲ್ಲಿಯ ಮಕ್ಕಳಿಗೆ ಹಬ್ಬ ಮುಗಿದಿರಲ್ಲ. ಉಡುಗೊರೆ ಮುಖ್ಯವಾಗಿ ಬರುವುದು ಜನವರಿ 6ರ ಬೆಳಿಗ್ಗೆ, ತರುವವರು ಏಸು ಕಂದನನ್ನು ನೋಡಲು ಬಂದರು ಅನ್ನುವ ಕಥೆಯ ಮೂರು ಜನ ರಾಜರು. 26ಕ್ಕೇ ವಾಪಸ್ ಟಿಕೆಟ್ ಮಾಡಿಸುವವರನ್ನು ಕಂಡರೆ ನನಗೆ ಬೇಜಾರು. 5ರ ಸಂಜೆ ರಾಜರು ಹಡಗಿನಲ್ಲಿ ಬಂದಿಳಿಯುತ್ತಾರೆ, ಮೇಯರ್ ಊರಿನ ಕೀಲಿಕೈ ಕೊಡುತ್ತಾರೆ, ಆಮೇಲೆ ಮೆರವಣಿಗೆ. ರಥಗಳಿಂದ ಮಿಠಾಯಿ ತೂರುತ್ತಾರೆ. ನನ್ನ ಪಕ್ಕದ ಅಜ್ಜಿ ಮಳೆ ಇಲ್ಲದಿದ್ದರೂ ಕೊಡೆ ತಂದಿದ್ದರು. ಯಾಕೆ ಅಂತ ಯೋಚಿಸುವಷ್ಟರಲ್ಲಿ ಅದನ್ನು ತಲೆಕೆಳಗಾಗಿ ಬಿಡಿಸಿ ಹಿಡಿದರು, ಮೊರದಲ್ಲಿ ಬಿದ್ದ ಹಾಗೆ ಮಿಠಾಯಿ ತುಂಬಿತು. ನನ್ನ ಹಣೆಗೆ ಎರಡು ಬಡಿದವು. ಅಜ್ಜಿ ಕೊಡೆಯಿಂದ ಒಂದು ಹಿಡಿ ತೆಗೆದು ನನ್ನ ಜಾಕೆಟ್ ಜೇಬಿಗೆ ಹಾಕಿದರು.

ಮಂಡ್ಯಕ್ಕೆ ಹೋದಾಗ ಅತ್ತೆಗೆ ಕೊಟ್ಟಿದ್ದು ಆ ಮಿಠಾಯಿಯನ್ನೇ. "ಇದಕ್ಕೋಸ್ಕರ ಅಷ್ಟು ದೂರ ಹೋಗಿದ್ಯಾ" ಅಂತ ಬೈದು, ಇನ್ನೊಂದಕ್ಕೆ ಕೈ ಚಾಚಿದರು.